ತೊಗರಿ ಸಾಲಿನೊಳಗೆ ಗಾಂಜಾ: ಕೊಯ್ಲಿಗೆ ಮೊದಲೇ ಜೀಪು!

ತೊಗರಿ ಹೂ ಬಿಡುವ ಕಾಲ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಹೊಲಗಳಿಗೆ ಎರಡು ಕಾಟ. ಒಂದು ಕಾಯಿಕೊರಕ ಹುಳ, ಇನ್ನೊಂದು ಪೊಲೀಸ್ ಜೀಪು. ಹುಳಕ್ಕಾದರೆ ಔಷಧ ಉಂಟು, ಜೀಪಿಗೆ ಎಲ್ಲಿಂದ ತರೋದು?

ಜೀಪು ಎಲ್ಲ ಹೊಲಕ್ಕೂ ಬರುವುದಿಲ್ಲ ಅನ್ನಿ. ತೊಗರಿ ಆಳೆತ್ತರ ಬೆಳೆಯುತ್ತದೆ. ಅದರ ಸಾಲಿನ ನಡುವೆ ಗಾಂಜಾ ಊರಿದರೆ ದಾರಿಹೋಕರ ಕಣ್ಣಿಗೆ ಬೀಳದು ಎಂಬ ಲೆಕ್ಕ ಕೆಲವರದು. ಮಳೆಗಾಲದಲ್ಲಿ ಊರಿದ್ದು ಹಗಲು ಗಿಡ್ಡವಾಗುತ್ತಾ ಬಂದಂತೆ ಹೂ ಬಿಡುತ್ತದೆ. ಗಿಡ ಅಡಗಿದರೂ ವಾಸನೆ ಅಡಗುತ್ತದೆಯೇ? ಬದುವಿನ ಜಗಳದವನು ಪಕ್ಕದಲ್ಲೇ ಇದ್ದರಂತೂ ಮುಗಿದೇ ಹೋಯಿತು. ಇನ್ನೇನು ಕೊಯ್ಯಬೇಕು ಅನ್ನುವಷ್ಟರಲ್ಲಿ ಸಾಹೇಬರು ಹಾಜರ್!

ಗಿಡ ಕೀಳುತ್ತಾರೆ, ಹೊರೆ ಕಟ್ಟುತ್ತಾರೆ, ತಕ್ಕಡಿಗೆ ಹಾಕುತ್ತಾರೆ. ಮರುದಿನ ಪೇಪರಿನಲ್ಲಿ 'ಹಸಿ ಗಾಂಜಾ ಇಷ್ಟು ಕೆ.ಜಿ. ವಶ' ಎಂದು ಫೋಟೊ ಸಮೇತ ಸುದ್ದಿ.

ಗಂಟು ಇರುವುದೇ ಈ ತೂಕದಲ್ಲಿ. ಶೇಂಗಾವನ್ನು ಗಿಡ ಸಮೇತ ತೂಗಿ ಕಾಳಿನ ರೇಟು ಹಾಕಿದರೆ ಯಾವ ಗಿರಾಕಿ ಸುಮ್ಮನಿರುತ್ತಾನೆ ಹೇಳಿ? 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಕಟ್ಟಿದ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ತಕ್ಕಡಿಗೆ ಏರುವುದೋ ಕಾಂಡ, ಎಲೆ, ಬೇರು, ಬೇರಿಗಂಟಿದ ಮಣ್ಣು ಎಲ್ಲ ಸೇರಿ! ಒಂದು ಕೆ.ಜಿ.ವರೆಗೆ ಸಣ್ಣ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಅಲ್ಲಿಗೆ ಮುಟ್ಟಿದರೆ ಕನಿಷ್ಠ 10 ವರ್ಷ, ಹೆಚ್ಚೆಂದರೆ 20 ವರ್ಷ ಜೈಲು. ಒಂದರಿಂದ ಎರಡು ಲಕ್ಷ ರೂಪಾಯಿ ದಂಡ. ಜಾಮೀನು ಸಿಗುವುದೂ ಬಲು ಕಷ್ಟ. ಅದಕ್ಕೇ ಹೈಕೋರ್ಟುಗಳು ಜಾಮೀನು ಅರ್ಜಿಗಳಲ್ಲಿ 'ಹೂವಿನ ತುದಿ ಬೇರೆ ಮಾಡಿ ತೂಗಿದ್ದೀರಾ?' ಎಂಬ ಅಂಶವನ್ನು ನೋಡಿದ್ದುಂಟು.

ಹಾಗಂತ ಹಿತ್ತಲಲ್ಲಿ ನಾಲ್ಕು ಗಿಡ ಇಡಬಹುದು ಅಂದುಕೊಂಡರೆ ಕೆಟ್ಟಿರಿ! ಬೆಳೆಯುವುದೇ ಬೇರೆ ಅಪರಾಧ. 10 ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅಲ್ಲಿ ಕೆ.ಜಿ. ಲೆಕ್ಕವಿಲ್ಲ, ಒಂದೇ ಗಿಡವಾದರೂ ಗಿಡವೇ. ಹಿಂದೆ ಸರ್ಕಾರವೇ ಲೈಸೆನ್ಸ್ ಕೊಟ್ಟು ಗಾಂಜಾ ಅಂಗಡಿ ನಡೆಸಿದ ಕಾಲ ಒಂದಿತ್ತು ಎಂದು ವಾದ ಮಾಡುವವರಿದ್ದಾರೆ. ಇತ್ತು, ಈಗಿಲ್ಲ.

ಪೇಟೆಯ ವ್ಯಾಪಾರಸ್ಥರು ಕಿವಿಗೊಡಬೇಕಾದ ಮಾತು ಇನ್ನೊಂದಿದೆ. ಊರಲ್ಲಿ ನಾಲ್ಕೆಕರೆ ಇರುತ್ತದೆ, ಲಾವಣಿಗೆ ಕೊಟ್ಟು ಇಲ್ಲಿ ಗಲ್ಲಾದ ಮುಂದೆ ಕೂತಿರುತ್ತೀರಿ. ವರ್ಷಕ್ಕೊಮ್ಮೆ ದುಡ್ಡು ಬಂದರೆ ಸಾಕು, ಹೊಲದಲ್ಲಿ ಏನು ಬೆಳೆದಿದೆ ಎಂದು ನೋಡಿದವರಾರು? ಜಮೀನಿನಲ್ಲಿ ಗಾಂಜಾ ಇರುವುದು ಗೊತ್ತಿದ್ದೂ ತಿಳಿಸದೆ ಕೂತರೆ ಜಮೀನುದಾರನೂ ತಪ್ಪಿತಸ್ಥ ಎನ್ನುತ್ತದೆ ಕಾಯ್ದೆಯ 46ನೇ ಕಲಂ. 'ನನಗೇನೂ ಗೊತ್ತಿಲ್ರೀ ಸಾಹೇಬ್ರ' ಅನ್ನುವುದೇನೋ ಸುಲಭ. ಆದರೆ ಪಹಣಿಯಲ್ಲಿ ಇರುವುದು ನಿಮ್ಮ ಹೆಸರು. ಬೀಜ ತಂದುಕೊಟ್ಟು ಮುಂಗಡ ಕೊಟ್ಟು ಹೋದವನ ಹೆಸರು ಅಲ್ಲಿ ಹುಡುಕಿದರೂ ಸಿಗದು.

ಗುರುತು ಹಿಡಿಯುವುದರಲ್ಲೂ ಒಂದು ತಮಾಷೆ ಇದೆ. ನಮ್ಮ ಪುಂಡಿ ಗಿಡದ ಎಲೆಯೂ ಬೆರಳು ಚಾಚಿದ ಅಂಗೈಯಂತೆ ಸೀಳಿರುತ್ತದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಹೈಬಿಸ್ಕಸ್ ಕ್ಯಾನಬಿನಸ್ ಎಂದೇ ಹೆಸರು. ಗಾಂಜಾ ಹೋಲುವ ದಾಸವಾಳ ಅಂತ ಅರ್ಥ! ಹೂ ಬಿಟ್ಟಾಗ ಮಾತ್ರ ಗುಟ್ಟು ರಟ್ಟು. ಪುಂಡಿಯದು ನಡುವೆ ಕಡುಗೆಂಪು ಇರುವ ದೊಡ್ಡ ಹೂ, ಗಾಂಜಾಕ್ಕೆ ಅಂಥ ಪಕಳೆಯೇ ಇಲ್ಲ. ರೊಟ್ಟಿ ಜೊತೆ ಪುಂಡಿ ಪಲ್ಯ ತಿನ್ನುವವರು ಹೆದರಬೇಕಾಗಿಲ್ಲ.

ಲಾವಣಿ ಹೊಲದಲ್ಲಿ ಅನುಮಾನದ ಗಿಡ ಕಂಡರೆ ಸರ್ವೆ ನಂಬರ್ ಬರೆದು ಠಾಣೆಗೆ ಅರ್ಜಿ ಕೊಡಬೇಕು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಬರಬೇಕು. ತೊಗರಿ ರಾಶಿಯಾಗುವ ತನಕ ಕಾಯುವುದು ಬೇಡ.