ಕಾರ್ಖಾನೆ ಊರಿನ ಬಾಡಿಗೆ ಮನೆ

ಹರಿಹರದಲ್ಲಿ ತುಂಗಭದ್ರಾ ಸೇತುವೆ ದಾಟಿದರೆ ದಾವಣಗೆರೆ ಜಿಲ್ಲೆ ಮುಗಿದು ಹಾವೇರಿ ಜಿಲ್ಲೆ ಶುರು. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣ ಇರುವುದು ಅಲ್ಲೇ, ಹೊಳೆ ದಂಡೆಗೆ. 1970ರ ದಶಕದಲ್ಲಿ ಗ್ರಾಸಿಂ ಕಂಪನಿಯ ಹರಿಹರ ಪಾಲಿಫೈಬರ್ಸ್ ಇಲ್ಲಿ ನೀಲಗಿರಿ ಕಟ್ಟಿಗೆಯಿಂದ ತಿರುಳು ತೆಗೆಯಲು ಆರಂಭಿಸಿತು. ಆ ತಿರುಳಿನಿಂದ ಬಟ್ಟೆಯ ಎಳೆ ಮಾಡುವ ಗ್ರಾಸಿಲೀನ್ ಪಕ್ಕದಲ್ಲೇ ಬಂತು. ಕಂಪನಿಯ ಕಾಲೊನಿಯಲ್ಲಿ ಎಲ್ಲರಿಗೂ ಜಾಗ ಸಿಗುವುದಿಲ್ಲ. ಹೊರಗುಳಿದವರು ಬಾಡಿಗೆ ಮನೆ ಕೇಳಿಕೊಂಡು ಬರುತ್ತಾರೆ. ಅವರನ್ನು ನಂಬಿ ಹೊಲ ಮಾರಿದ ದುಡ್ಡೋ ನಿವೃತ್ತಿಯ ಗಂಟೋ ಹಾಕಿ ಮನೆ ಕಟ್ಟಿಸಲು ಹೊರಟವರಿಗಾಗಿ ಈ ಅಧ್ಯಾಯ.

ಇಂಥ ಊರಲ್ಲಿ ಬಾಡಿಗೆದಾರ ನಿಮಗೆ ಕೊಡುವುದು ಕಾರ್ಖಾನೆ ಅವನಿಗೆ ಕೊಟ್ಟದ್ದರಲ್ಲೇ ಒಂದು ಪಾಲು. ಹೊಳೆಯಾಚೆ ನೋಡಿ: 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಹರಿಹರ ಬೆಳೆದದ್ದೇ ಅದರ ಸಂಬಳದಲ್ಲಿ ಎನ್ನಬಹುದು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ಕುಮಾರಪಟ್ಟಣಕ್ಕೆ ಇನ್ನೂ ಹೆಚ್ಚು ಹೋಲುವ ಉದಾಹರಣೆ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಮಾವೂರು. ಗ್ರಾಸಿಂನದೇ ತಿರುಳು ಕಾರ್ಖಾನೆ ಅಲ್ಲಿತ್ತು. 1985ರಲ್ಲಿ ನಿಂತದ್ದು 1988ರಲ್ಲಿ ಮತ್ತೆ ತೆರೆಯಿತು, 2001ರಲ್ಲಿ ಕಾಯಂ ಆಗಿ ಮುಚ್ಚಿತು. ಕುಮಾರಪಟ್ಟಣಕ್ಕೂ ಹಾಗೇ ಆದೀತು ಎಂದು ಇದರ ಅರ್ಥವಲ್ಲ. ಮೂರು ವರ್ಷ ಬಾಡಿಗೆ ಬಾರದಿದ್ದರೂ ಸಾಲದ ಕಂತು ಕಟ್ಟುವ ಶಕ್ತಿ ಇದೆಯೇ ಎಂದು ಇಟ್ಟಿಗೆ ತರಿಸುವ ಮೊದಲೇ ಕೇಳಿಕೊಳ್ಳಬೇಕು, ಅಷ್ಟೆ.

ಈಗ ಲೆಕ್ಕ. ಜಾಗ, ಕಟ್ಟಡ ಸೇರಿ 18 ಲಕ್ಷ ಬಿತ್ತು, ತಿಂಗಳಿಗೆ 6,000 ಬಾಡಿಗೆ ಎನ್ನೋಣ. ಹೆಚ್ಚಿನವರು 72,000 ಎಂದು ಬರೆದುಕೊಂಡು ಪುಸ್ತಕ ಮುಚ್ಚುತ್ತಾರೆ. ಎರಡು ತಿಂಗಳು ಮನೆ ಖಾಲಿ ಬಿದ್ದರೆ ಬರುವುದು 60,000. ಕಂದಾಯ, ಸುಣ್ಣಬಣ್ಣ, ಪಂಪಿನ ರಿಪೇರಿಗೆ 12,000 ಹೋದರೆ ಕೈಗೆ ಉಳಿಯುವುದು 48,000. ನೂರಕ್ಕೆ ಎರಡೂ ಮುಕ್ಕಾಲು ರೂಪಾಯಿಯೂ ಇಲ್ಲ. ಬ್ಯಾಂಕಿನ ಠೇವಣಿಯೇ ವಾಸಿ. ಬಾಡಿಗೆ ಮನೆಯಲ್ಲಿ ನಿಜವಾದ ಲಾಭ ಬಂದರೆ ಅದು ಜಾಗದ ಬೆಲೆ ಏರಿದ್ದರಿಂದ. ಆದ್ದರಿಂದ ಜಾಗ ಕೊಳ್ಳುವಾಗಲೇ ಎಚ್ಚರವಿರಲಿ. ಪಂಚಾಯ್ತಿ ವ್ಯಾಪ್ತಿಯ ಜಾಗಕ್ಕೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಇವೆಯೇ ನೋಡಿ. ಬರೀ ಕರಾರುಪತ್ರ ತೋರಿಸಿ ಮಾರುವವರನ್ನು ದೂರವಿಡಿ.

ಬಾಡಿಗೆ ಏರಿಸುವ ಆತುರವೂ ದುಬಾರಿಯೇ. 6,000ಕ್ಕೆ ಇದ್ದವನನ್ನು ಬಿಡಿಸಿ 6,500ಕ್ಕೆ ಹೊಸಬನನ್ನು ತಂದಿರಿ, ನಡುವೆ ಒಂದು ತಿಂಗಳು ಬೀಗ ಬಿತ್ತು. ವರ್ಷಕ್ಕೆ ಬರುವುದು 71,500. ಹಳಬನೇ ಇದ್ದಿದ್ದರೆ 72,000. ಸಮಯಕ್ಕೆ ಸರಿಯಾಗಿ ಬಾಡಿಗೆ ಕೊಟ್ಟು ಮನೆ ಚೊಕ್ಕಟವಾಗಿ ಇಟ್ಟುಕೊಂಡವನನ್ನು ಉಳಿಸಿಕೊಳ್ಳುವುದೇ ಜಾಣತನ.

ಉಳಿಸಿಕೊಳ್ಳಲು ಬೇಕಾದದ್ದು ಗ್ರಾನೈಟು, ಪಿಓಪಿ ಅಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬರುವವನಿಗೆ ಹಗಲು ನಿದ್ದೆ ಬೇಕು. ಮಲಗುವ ಕೋಣೆಯ ಕಿಟಕಿ ರಸ್ತೆಗೆ ತೆರೆದಿದ್ದು, ಮೇಲೆ ಬರಿಯ ತಗಡು ಇದ್ದರೆ ಏಪ್ರಿಲ್ ಬಿಸಿಲಿಗೆ ಅವನು ಅಲ್ಲಿ ನಿಲ್ಲುವುದಿಲ್ಲ. ಆಳವಾದ ಸಂಪು, ಮಾಳಿಗೆ ಮೇಲೊಂದು ದೊಡ್ಡ ಟ್ಯಾಂಕು, ಮನೆಗೊಂದು ಬೇರೆ ಮೀಟರು: ಲೈನ್ ಮನೆಗಳಲ್ಲಿ ಅರ್ಧ ಜಗಳ ಇಷ್ಟರಿಂದಲೇ ತಪ್ಪುತ್ತದೆ. ಮೀಟರು ಬೇರೆಯಿದ್ದರೆ ಬಾಡಿಗೆದಾರ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೂ ಅರ್ಜಿ ಹಾಕಬಹುದು. ಆದರೆ ಮನೆ ಬಿಡುವಾಗ ಆ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಿದ ಆಧಾರ್ ತೆಗೆಸದೆ ಹೋದರೆ ಮುಂದೆ ಬರುವವನಿಗೆ ತೊಡಕು.

ಕಾಗದದ ವಿಷಯ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. 11 ತಿಂಗಳ ಕರಾರು ರೂಢಿಗೆ ಬಂದದ್ದು ಅದಕ್ಕೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಪಟ್ಟಿಯಲ್ಲಿರುವ ಊರುಗಳ ಕಡಿಮೆ ಬಾಡಿಗೆಯ ಕಟ್ಟಡಗಳಿಗಷ್ಟೇ ಸಲ್ಲುತ್ತದೆ. ಉಳಿದವುಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಕರಾರಿನಲ್ಲಿ ಬೇರೆ ಹೇಳಿರದಿದ್ದರೆ ತಿಂಗಳ ಬಾಡಿಗೆಯವನನ್ನು ಬಿಡಿಸಲು 15 ದಿನದ ಬರವಣಿಗೆಯ ನೋಟಿಸು ಬೇಕು. ಆಮೇಲೂ ಹೋಗದಿದ್ದರೆ ಕೋರ್ಟಿಗೆ ಹೋಗಬೇಕೇ ಹೊರತು ನೀವೇ ಬೀಗ ಜಡಿಯುವಂತಿಲ್ಲ, ನೀರು ನಿಲ್ಲಿಸುವಂತಿಲ್ಲ. ಕೋಪ ಬಂದಾಗ ಕರೆಂಟು ಕಿತ್ತ ಮಾಲೀಕನೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಬಾಡಿಗೆಗೆ ರಸೀದಿ ಕೊಡಿ, ಇಲ್ಲವೇ ಖಾತೆಗೇ ಹಾಕಿಸಿಕೊಳ್ಳಿ. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30ನ್ನು ಯಾವ ಬಿಲ್ಲೂ ತೋರಿಸದೆ ಕಳೆಯಲು ಅವಕಾಶವಿದೆ. ಹಾಗಿರುವಾಗ ಬಾಡಿಗೆ ಮುಚ್ಚಿಡುವುದು ದಡ್ಡತನ.

ಎರಡನೆಯ ಮನೆ ಕಟ್ಟುವ ಮನಸ್ಸಿದ್ದರೆ ಅದನ್ನು ಅದೇ ಕಾರ್ಖಾನೆಯ ಗೇಟಿನ ಬಳಿ ಕಟ್ಟಬೇಡಿ. ಬೀಜದ ವ್ಯಾಪಾರದ ರಾಣೆಬೆನ್ನೂರಿನಲ್ಲೋ ಮೆಣಸಿನಕಾಯಿ ಮಾರುಕಟ್ಟೆಯ ಬ್ಯಾಡಗಿಯಲ್ಲೋ ಜಾಗ ನೋಡಿ.