ಹಳೆಯ ಪ್ರೋಗ್ರಾಂ, ಹೊಸ ಪೈಥಾನ್: ಎಚ್ಚರ ಏಕೆ?

"ಸಂಘದ ಗಣಕಯಂತ್ರದ ಲೆಕ್ಕ ಚೆನ್ನಾಗಿಯೇ ಇತ್ತಲ್ಲ ಸ್ವಾಮಿ, ಅದನ್ನೇಕೆ ಬದಲಿಸುತ್ತೀರಿ?" ಎಂದು ಕಳೆದ ಸಭೆಯಲ್ಲಿ ಬಿಳಿಗೆರೆಯ ಸದಸ್ಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ.

ನಮ್ಮ ಬಟವಾಡೆಯ ಪ್ರೋಗ್ರಾಂ ಅನ್ನು ಬರೆದದ್ದು ಪೈಥಾನ್ ಎಂಬ ಗಣಕ ಭಾಷೆಯ 2.7ನೆಯ ಆವೃತ್ತಿಯಲ್ಲಿ. ಆ ಭಾಷೆಯ 3ನೆಯ ಆವೃತ್ತಿ 2008ರ ಡಿಸೆಂಬರಿನಲ್ಲೇ ಹೊರಬಂದಿತು. ಹಳೆಯದರ ದೋಷಗಳನ್ನು ತಿದ್ದಿಕೊಡುವ ಹೊಣೆಯನ್ನು ಅದರ ನಿರ್ಮಾಪಕರು 2020ರ ಜನವರಿ 1ಕ್ಕೆ ಕೈಬಿಟ್ಟರು. ಆದ್ದರಿಂದ ನಾವೂ ಹೊಸದಕ್ಕೆ ಹೋಗಲೇಬೇಕಾಗಿದೆ.

ಹಳೆಯ ಪ್ರೋಗ್ರಾಂ ಅನ್ನು ಹೊಸದರಲ್ಲಿ ಹಾಗೆಯೇ ಓಡಿಸಬಾರದೇ? ಇದರಲ್ಲಿ ಎರಡು ಬಗೆಯ ತೊಡಕುಗಳಿವೆ. ಮೊದಲನೆಯದು ಕಣ್ಣಿಗೆ ಕಾಣುವಂಥದು. ಉತ್ತರವನ್ನು ತೆರೆಗೆ ತರುವ 'ಪ್ರಿಂಟ್' ಆಜ್ಞೆಗೆ ಹೊಸದರಲ್ಲಿ ಆವರಣ ಚಿಹ್ನೆ ಕಡ್ಡಾಯ. ಅದಿಲ್ಲದ ಹಳೆಯ ಸಾಲು ಕಂಡೊಡನೆ ಯಂತ್ರ ತಪ್ಪೆಂದು ಹೇಳಿ ನಿಲ್ಲುತ್ತದೆ. ತಿದ್ದಿದರಾಯಿತು, ನಷ್ಟವಿಲ್ಲ.

ಎರಡನೆಯದೇ ಅಪಾಯದ್ದು. ಪ್ರೋಗ್ರಾಂ ನಿಲ್ಲುವುದಿಲ್ಲ, ಉತ್ತರ ಮಾತ್ರ ಬೇರೆ ಬರುತ್ತದೆ. ಚೀಲಕ್ಕೆ 100ರಂತೆ 1050 ತೆಂಗಿನಕಾಯಿಗೆ ತುಂಬಿದ ಚೀಲವೆಷ್ಟು ಎಂದು ಭಾಗಿಸಿದರೆ ಹಳೆಯದು 10 ಎನ್ನುತ್ತಿತ್ತು, ಹೊಸದು 10.5 ಎನ್ನುತ್ತದೆ. ಮೊದಲಿನ ಉತ್ತರವೇ ಬೇಕಾದರೆ ಭಾಗಾಕಾರದ ಒಂದು ಓರೆಗೆರೆಯ ಬದಲು ಎರಡು ಹಾಕಬೇಕು. ಹಾಗೆಯೇ ರೂ. 342.50ನ್ನು 'ರೌಂಡ್' ಆಜ್ಞೆಯಿಂದ ಪೂರ್ಣ ರೂಪಾಯಿ ಮಾಡಿದರೆ ಹಳೆಯದರಲ್ಲಿ 343, ಹೊಸದರಲ್ಲಿ 342. ಸರಿಯಾಗಿ ಅರ್ಧ ಬಂದಾಗ ಹೊಸದು ಹತ್ತಿರದ ಸಮಸಂಖ್ಯೆಯನ್ನು ಹಿಡಿಯುತ್ತದೆ. ಕೊಬ್ಬರಿ ಬಟವಾಡೆಯಲ್ಲಿ ಸದಸ್ಯರಿಗೆ ಹೇಳದೆ ಒಂದು ರೂಪಾಯಿ ಕಡಿಮೆಯಾದರೂ ಅದು ಸಂಘದ ಮೇಲಿನ ನಂಬಿಕೆಗೇ ಪೆಟ್ಟು.

ಹಿರಿಯರಿಗೆ ಇಂಥ ಬದಲಾವಣೆ ಹೊಸದಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತು. ಅದಕ್ಕೆ ಹಿಂದಿನ ಖಾತೆಯಲ್ಲಿ '2-8' ಎಂದರೆ ಎರಡು ರೂಪಾಯಿ ಎಂಟಾಣೆ, ಅಂದರೆ ಎರಡೂವರೆ ರೂಪಾಯಿ. ಅದನ್ನೇ ಎರಡು ರೂಪಾಯಿ ಎಂಟು ಪೈಸೆ ಎಂದು ಓದಿದರೆ ಸಾಲ ಕೊಟ್ಟವನ ಗತಿಯೇನು? ಅಂಕಿ ಅದೇ, ಅರ್ಥ ಬೇರೆ.

ಆದಕಾರಣ ನಾವು ಒಂದು ವರ್ಷದ ಬಟವಾಡೆಯನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ, ಸಾಲುಸಾಲಾಗಿ ತಾಳೆ ನೋಡುತ್ತಿದ್ದೇವೆ. ಎರಡೂ ಪೈಸೆಗೆ ಪೈಸೆ ಕೂಡುವವರೆಗೆ ಕೈಬರಹದ ಖಾತೆಯನ್ನು ನಿಲ್ಲಿಸುವುದಿಲ್ಲ. ಸದಸ್ಯರು ತಮ್ಮಲ್ಲಿರುವ ಹಳೆಯ ಬಟವಾಡೆ ಚೀಟಿಗಳನ್ನು ಕಚೇರಿಗೆ ತಂದು ತೋರಿಸಿದರೆ ಈ ಕೆಲಸಕ್ಕೆ ಬಹಳ ಉಪಕಾರವಾಗುತ್ತದೆ.