ಎರಕದ ಬಿಲ್ಲೆಗಳು: ಮನೆಯಂಗಳದ ಒಂದು ಕುಶಲ ಹವ್ಯಾಸ

ಎದೆಯ ಮೇಲೆ ಧರಿಸುವ ಬಿಲ್ಲೆಯು ನೋಡಲು ಅತ್ಯಲ್ಪವಾದ ವಸ್ತು. ತೂಕದಲ್ಲಿ ಒಂದೆರಡು ತೊಲೆ, ಬೆಲೆಯಲ್ಲಿಯೂ ಹೇಳಿಕೊಳ್ಳುವಂಥದಲ್ಲ. ಆದರೂ ಓಟದಲ್ಲಿ ಗೆದ್ದ ಬಾಲಕನೂ ಜಾತ್ರೆಯಲ್ಲಿ ಸ್ವಯಂಸೇವಕನಾಗಿ ದುಡಿದ ಯುವಕನೂ ಅದನ್ನು ಪೆಟ್ಟಿಗೆಯ ತಳದಲ್ಲಿ ದಶಕಗಳ ಕಾಲ ಕಾಪಾಡಿಕೊಂಡು ಬರುವುದುಂಟು. ಇಂದು ಕಾರ್ಖಾನೆಗಳು ತಗಡನ್ನು ಅಚ್ಚಿನಲ್ಲಿ ಒತ್ತಿ ಇಂಥವನ್ನು ಸಾವಿರಗಟ್ಟಲೆ ತಯಾರಿಸುತ್ತವೆ. ಒತ್ತಿ ಮಾಡಿದ ಬಿಲ್ಲೆಗೆ ಯಂತ್ರ ಬೇಕು. ಕರಗಿಸಿ ಎರಕ ಹೊಯ್ದ ಬಿಲ್ಲೆಗೆ ಒಂದು ಒಲೆ, ಒಂದು ಸೌಟು, ಒಂದು ಅಚ್ಚು ಇದ್ದರೆ ಸಾಕು. ಈ ಕಾರಣದಿಂದಲೇ ಇದು ಅನೇಕ ದೇಶಗಳಲ್ಲಿ ಮನೆಯ ಹವ್ಯಾಸವಾಗಿ ಬೆಳೆದಿದೆ.

ಇದರ ಪೂರ್ವೇತಿಹಾಸವನ್ನು ಯುರೋಪಿನ ತೀರ್ಥಯಾತ್ರೆಗಳಲ್ಲಿ ಕಾಣಬೇಕು. ಕ್ಯಾಂಟರ್ಬರಿಯಲ್ಲಿ 1170ರಲ್ಲಿ ಕೊಲೆಯಾದ ಥಾಮಸ್ ಬೆಕೆಟ್ ಆರ್ಚ್‌ಬಿಷಪ್ಪರನ್ನು 1173ರಲ್ಲಿ ಸಂತರೆಂದು ಸಾರಲಾಯಿತು. ಆ ಬಳಿಕ ಅವರ ಸಮಾಧಿಗೆ ಬಂದ ಯಾತ್ರಿಕರು ಅವರ ಆಕೃತಿಯುಳ್ಳ ಸಣ್ಣ ಬಿಲ್ಲೆಗಳನ್ನು ಕೊಂಡು, ಟೋಪಿಗೋ ಮೇಲಂಗಿಗೋ ಸಿಕ್ಕಿಸಿಕೊಂಡು ಊರಿಗೆ ಮರಳುತ್ತಿದ್ದರು. ಇದು ಅಲ್ಪ ವ್ಯಾಪಾರವಾಗಿರಲಿಲ್ಲ. 1199ರಲ್ಲಿ ಮೂರನೆಯ ಇನ್ನೊಸೆಂಟ್ ಪೋಪರು, ಸಂತ ಪೀಟರ್ ಮತ್ತು ಸಂತ ಪಾಲರ ಆಕೃತಿಯ ಸೀಸ-ತವರದ ಬಿಲ್ಲೆಗಳನ್ನು ಎರಕ ಹೊಯ್ಯುವ ಹಕ್ಕನ್ನು ರೋಮಿನ ಸಂತ ಪೀಟರ್ ದೇವಾಲಯದ ಪಾದ್ರಿಗಳ ಕೈಗೇ ಒಪ್ಪಿಸಿದರೆಂದ ಮೇಲೆ, ಅದರ ಆದಾಯಕ್ಕೆ ಕಣ್ಣಿಟ್ಟವರು ಎಷ್ಟು ಮಂದಿ ಇದ್ದಿರಬೇಕು! ಮುದ್ರಣಕಲೆಯ ಪಿತಾಮಹನಾದ ಗುಟೆನ್‌ಬರ್ಗನೂ 1430ರ ದಶಕದ ಕೊನೆಯಲ್ಲಿ, ಆಖೆನ್ ನಗರದ ಯಾತ್ರಿಕರಿಗೆ ಮಾರಲು ಲೋಹದ ಕನ್ನಡಿಗಳನ್ನು ತಯಾರಿಸುವ ಪಾಲುದಾರಿಕೆಯಲ್ಲಿ ತೊಡಗಿದ್ದನು. ಬಿಡಿ ಅಕ್ಷರಗಳನ್ನು ಎರಕ ಹೊಯ್ದ ಕೈ, ಅದಕ್ಕೆ ಮೊದಲು ಇಂಥ ಅಗ್ಗದ ಯಾತ್ರಾವಸ್ತುಗಳಲ್ಲಿ ಪಳಗಿತ್ತೆಂಬುದು ಮರೆಯತಕ್ಕ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಸೇನ್ ನದಿಯ ಕೆಸರಿನಿಂದ ಇಂಥ ಬಿಲ್ಲೆಗಳು ರಾಶಿಯಾಗಿ ದೊರೆತವು. ಆರ್ತರ್ ಫೋರ್ಜೆ ಎಂಬಾತನು ಅವನ್ನು ಸಂಗ್ರಹಿಸಿ ವಿವರಣೆಸಹಿತ ಪ್ರಕಟಿಸಿದನು. ಲಂಡನ್ನಿನ ಥೇಮ್ಸ್ ನದಿಯ ದಂಡೆಯೂ ಇಂದಿಗೂ ಇವನ್ನು ಕೊಡುತ್ತಲಿದೆ.

ಅಂದಿನ ಕುಶಲಿಗಳು ತವರ ಮತ್ತು ಸೀಸಗಳನ್ನೇ ಆರಿಸಿಕೊಂಡುದಕ್ಕೆ ಕಾರಣ ಸ್ಪಷ್ಟವಾಗಿದೆ. ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸೀಸವು 327ರಲ್ಲಿ. ವಿಚಿತ್ರವೆಂದರೆ, ತವರ 63 ಪಾಲು, ಸೀಸ 37 ಪಾಲು ಬೆರೆಸಿದ ಮಿಶ್ರಣವು ಎರಡಕ್ಕಿಂತಲೂ ಮೊದಲೇ, 183 ಡಿಗ್ರಿಯಲ್ಲಿಯೇ ನೀರಾಗುತ್ತದೆ. ಅಡಿಗೆಯ ಒಲೆಗೂ ನಿಲುಕುವ ಬಿಸಿ ಇದು. ನಮ್ಮ ಬೀದರಿನ ಬಿದರಿ ಪಾತ್ರೆಗಳಿಗೂ ಮೊದಲ ಹಂತ ಎರಕವೇ. ಆದರೆ ಅಲ್ಲಿಯ ಪ್ರಧಾನ ಲೋಹ ಸತು. ಅದಕ್ಕೆ 420 ಡಿಗ್ರಿ ಬೇಕು, ಮಿತಿಮೀರಿ ಕಾಯಿಸಿದರೆ ಏಳುವ ಬಿಳಿಯ ಹೊಗೆ ಜ್ವರ ತರಿಸುತ್ತದೆ. ಹೊಸಬನ ಕೈಗೆ ಅದು ತಕ್ಕುದಲ್ಲ.

ಸೀಸವೂ ಇಂದು ತಕ್ಕುದಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮಕ್ಕಳ ರಕ್ತದಲ್ಲಿ ಇಷ್ಟರವರೆಗೆ ಸೀಸ ಇದ್ದರೆ ಬಾಧಕವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವೈದ್ಯಶಾಸ್ತ್ರದ ನಿರ್ಣಯ. ಹಳೆಯ ಬ್ಯಾಟರಿಯ ಸೀಸ ಪುಕ್ಕಟೆಯಾಗಿ ಸಿಗುವುದೆಂದು ಅದನ್ನು ಕರಗಿಸಿ ಶಾಲೆಯ ಮಕ್ಕಳಿಗೆ ಬಿಲ್ಲೆ ಮಾಡಿಕೊಡುವುದು ಉಪಕಾರವಲ್ಲ, ಅಪಕಾರ. ಈಗಿನ ಹವ್ಯಾಸಿಗಳು ಬಳಸುವುದು ಸೀಸರಹಿತವಾದ ಪ್ಯೂಟರ್: ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ತವರ, ಉಳಿದುದು ಆಂಟಿಮನಿ ಮತ್ತು ಅತ್ಯಲ್ಪ ತಾಮ್ರ. ತವರ ದುಬಾರಿ ಲೋಹ, ನಿಜ. ಆದರೆ ಕೆಟ್ಟ ಎರಕವನ್ನು ಮರಳಿ ಸೌಟಿಗೆ ಹಾಕಬಹುದಾದುದರಿಂದ ಅದರಲ್ಲಿ ವ್ಯರ್ಥವಾಗುವುದು ಬಹಳ ಕಡಿಮೆ.

ಅಚ್ಚಿಗೆ ನಮ್ಮಲ್ಲಿ ಬಳಪದ ಕಲ್ಲಿಗಿಂತ ಉತ್ತಮವಾದುದಿಲ್ಲ. ಹೊಯ್ಸಳ ಶಿಲ್ಪಿಗಳ ಉಳಿಗೆ ಮಣಿದ ಈ ಕಲ್ಲು ಹವ್ಯಾಸಿಯ ಚಾಕುವಿಗೂ ಮಣಿಯುತ್ತದೆ, ಬಿಸಿಯನ್ನೂ ತಾಳುತ್ತದೆ. ಎರಡು ಚಪ್ಪಟೆ ಹಲಗೆಗಳನ್ನು ಒಂದರ ಮೇಲೊಂದು ತಿಕ್ಕಿ ನಡುವೆ ಬೆಳಕು ನುಸುಳದಂತೆ ಮಾಡಬೇಕು. ಒಂದರಲ್ಲಿ ಆಕೃತಿಯನ್ನು ತಗ್ಗಾಗಿಯೂ, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿಯೂ ಕೊರೆಯಬೇಕು. ಮೇಲ್ತುದಿಯಲ್ಲಿ ಲೋಹ ಹೊಯ್ಯಲು ಆಲಿಕೆಯಾಕಾರದ ಬಾಯಿ, ಅಂಚುಗಳಿಗೆ ಗಾಳಿ ಹೊರಹೋಗಲು ಕೂದಲೆಳೆಯಂಥ ಗೀರುಗಳು ಇರಬೇಕು. ಗಾಳಿಗೆ ದಾರಿ ಬಿಡದ ಅಚ್ಚಿನಲ್ಲಿ ಮೂಗಿಲ್ಲದ ಮುಖ, ತುದಿಯಿಲ್ಲದ ತ್ರಿಶೂಲ ಬರುವುದು ಖಂಡಿತ. ಕನ್ನಡದ ದುಂಡು ಅಕ್ಷರಗಳು ಬಿಲ್ಲೆಯ ಮೇಲೆ ಬಹು ಸೊಗಸಾಗಿ ಕಾಣುತ್ತವೆಯಾದರೂ ಕೊರೆಯುವವನಿಗೆ ಪರೀಕ್ಷೆಯೇ ಸರಿ: 'ಠ'ಕಾರದ ಸುತ್ತು ಕೊರೆದಾಗ ನಡುವೆ ಉಳಿಯುವ ಕಲ್ಲಿನ ಚಿಕ್ಕ ದ್ವೀಪವು ಮೂರನೆಯ ಎರಕಕ್ಕೇ ಉದುರಿಹೋಗಬಹುದು. ಅಕ್ಷರ ದೊಡ್ಡದಾಗಿರಲಿ, ಮಾತು ಕಡಿಮೆಯಿರಲಿ.

ಎರಕ ಹೊಯ್ಯುವಾಗ ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಒದ್ದೆ ಅಚ್ಚಿನ ಒಂದು ತೊಟ್ಟು ಕರಗಿದ ಲೋಹದ ಕೆಳಗೆ ಸಿಕ್ಕಿದರೆ ಕ್ಷಣಮಾತ್ರದಲ್ಲಿ ಹಬೆಯಾಗಿ ಲೋಹವನ್ನು ಮುಖಕ್ಕೆ ಚಿಮ್ಮಿಸುತ್ತದೆ. ಆದುದರಿಂದ ಅಚ್ಚನ್ನು ಚೆನ್ನಾಗಿ ಒಣಗಿಸಿ ಬೆಚ್ಚಗೆ ಮಾಡುವುದು, ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಕವಚ, ಕಾಲಿಗೆ ಬೂಟು ಧರಿಸುವುದು ಅವಶ್ಯ. ಲೋಹಕ್ಕೆಂದು ಬಳಸಿದ ಸೌಟು ಮತ್ತೆ ಅಡಿಗೆಮನೆ ಸೇರಕೂಡದು. ಒಣ ಕಡ್ಡಿಯನ್ನು ಅದ್ದಿ ನೋಡಿದಾಗ ಅದು ಕಂದಿದರೆ ಹದ, ಹೊತ್ತಿಕೊಂಡರೆ ಅತಿಯಾಯಿತು. ಮೇಲೆ ಕಟ್ಟಿದ ಕಿಟ್ಟವನ್ನು ಸರಿಸಿ, ತಡೆಯದೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ಮೊದಲ ಎರಡು ಮೂರು ಎರಕಗಳು ಅರೆಬರೆಯಾಗಿಯೇ ಬರುವುವು. ಕಲ್ಲು ಕಾದ ಮೇಲೆ ಆಕೃತಿ ತುಂಬಿಕೊಳ್ಳುತ್ತದೆ. ಕಲ್ಲು ಕೊರೆಯುವ ತಾಳ್ಮೆ ಇಲ್ಲದವರು ಮೇಣದಲ್ಲಿ ಮಾದರಿ ತಿದ್ದಿ, ಅದರ ಮೇಲೆ ಸಿಲಿಕೋನ್ ರಬ್ಬರನ್ನು ಹೊಯ್ದು ಅಚ್ಚು ಪಡೆಯುತ್ತಾರೆ. ಲೋಹಕ್ಕಾದರೆ ಹೆಚ್ಚಿನ ಬಿಸಿ ತಾಳುವ ಜಾತಿಯನ್ನೇ ಕೊಳ್ಳಬೇಕು.

ರಾಳದ ಬಿಲ್ಲೆಗಳಿಗೆ ಬೆಂಕಿ ಬೇಡ. ಅಷ್ಟರಿಂದಲೇ ಅವು ನಿರಪಾಯವೆಂದು ತಿಳಿಯಬಾರದು. ಫೈಬರ್‌ಗ್ಲಾಸ್ ಕೆಲಸದ ಪಾಲಿಯೆಸ್ಟರ್ ರಾಳಕ್ಕೆ ಕೋಬಾಲ್ಟ್ ವೇಗವರ್ಧಕವನ್ನೂ ಪೆರಾಕ್ಸೈಡ್ ಗಟ್ಟಿಕಾರಕವನ್ನೂ ಬೇರೆ ಬೇರೆ ಶೀಸೆಗಳಲ್ಲಿ ಕೊಡುತ್ತಾರೆ. ಮೊದಲನೆಯದನ್ನು ರಾಳದಲ್ಲಿ ಪೂರ್ಣವಾಗಿ ಕಲಸಿದ ಬಳಿಕವೇ ಎರಡನೆಯದನ್ನು ಸೇರಿಸಬೇಕು. ಅವೆರಡನ್ನು ನೇರವಾಗಿ ಬೆರೆಸಿದರೆ ಸ್ಫೋಟವೇ ಆಗಬಹುದು. ಎಪಾಕ್ಸಿಯಲ್ಲಿ ಆ ಭಯವಿಲ್ಲ, ವಾಸನೆಯೂ ಕಡಿಮೆ. ಆದರೆ ಪದೇ ಪದೇ ಚರ್ಮಕ್ಕೆ ತಗುಲಿದರೆ ಕೆಲವರಿಗೆ ಜನ್ಮಪರ್ಯಂತ ಒಗ್ಗದ ತುರಿಕೆ ಅಂಟಿಕೊಳ್ಳುತ್ತದೆ. ಇದರ ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಕೂಡಿಸಬೇಕು. ಬೇಗ ಗಟ್ಟಿಯಾಗಲೆಂದು ಎರಡನೆಯ ಭಾಗವನ್ನು ಹೆಚ್ಚಿಗೆ ಹಾಕಿದವರಿಗೆ ದೊರೆಯುವುದು ಎಂದೂ ಒಣಗದ ಅಂಟು. ಕಲಸಿದ ರಾಳವನ್ನು ಬಟ್ಟಲಿನಲ್ಲಿಯೇ ಬಹಳ ಹೊತ್ತು ಬಿಟ್ಟರೆ ತನ್ನ ಬಿಸಿಯಿಂದ ತಾನೇ ಹೊಗೆಯಾಡುವುದು. ಗುಳ್ಳೆಗಳು ಬಾರದಂತೆ ಎತ್ತರದಿಂದ, ನೂಲಿನಷ್ಟು ತೆಳ್ಳಗಿನ ಧಾರೆಯಲ್ಲಿ ಅಚ್ಚಿಗೆ ಇಳಿಸುತ್ತಾರೆ. ಕಂಚಿನ ಪುಡಿ ಬೆರೆಸಿ ಗಟ್ಟಿಯಾದ ಮೇಲೆ ಉಜ್ಜಿದರೆ ದೂರಕ್ಕೆ ಲೋಹದಂತೆಯೇ ಹೊಳೆಯುತ್ತದೆ. ಆದರೆ ತಪ್ಪಿದ ರಾಳ ತಪ್ಪಿದಂತೆಯೇ. ಅದನ್ನು ಮರಳಿ ಕರಗಿಸುವ ಉಪಾಯವಿಲ್ಲ. ಕಲಿಯುವವನಿಗೆ ತವರವೇ ಹೆಚ್ಚು ದಯಾಳು ಎನ್ನಬೇಕು.

ಕೊನೆಗೆ ಉಳಿಯುವುದು ಹಿಂಬದಿಯ ಪಿನ್ನು. ಸಾಮಾನ್ಯ ಬೆಸುಗೆಯ ಕಾವಿಗೆ ಬಿಲ್ಲೆಯೇ ಕುಸಿದುಹೋಗುವ ಸಂಭವವುಂಟು. ಬಿಸ್ಮತ್ 58, ತವರ 42 ಪಾಲಿನ ಬೆಸುಗೆಯು 138 ಡಿಗ್ರಿಗೇ ಕರಗುವುದರಿಂದ ಅದು ಕ್ಷೇಮ. ಇಲ್ಲವೆ ಎಪಾಕ್ಸಿ ಅಂಟಿನಿಂದ ಕೂರಿಸಬಹುದು. ಹಳೆಯ ಯಾತ್ರಾ ಬಿಲ್ಲೆಗಳ ಕುಶಲಿಗಳು ಈ ತೊಡಕಿಗೇ ಸಿಲುಕಲಿಲ್ಲ. ಪಿನ್ನನ್ನೋ ಬಟ್ಟೆಗೆ ಹೊಲಿಯುವ ಸಣ್ಣ ಬಳೆಗಳನ್ನೋ ಅಚ್ಚಿನಲ್ಲಿಯೇ ಕೊರೆದು, ಬಿಲ್ಲೆಯೊಡನೆ ಒಂದೇ ಎರಕದಲ್ಲಿ ಹೊಯ್ದುಬಿಡುತ್ತಿದ್ದರು.